ಟ್ರಾನ್ಸಿಯೆಂಟ್ ಅಂದರೆ ಬಿಸಾಡಿದ ಹಾಗಲ್ಲ: ಅಡಿಕೆ ವಖಾರಿಯಲ್ಲಿ ನನ್ನಿಂದಾದ ಎರಡು ತಪ್ಪು

ಡಾಟ್‌ನೆಟ್‌ನಲ್ಲಿ (ಮೈಕ್ರೋಸಾಫ್ಟ್‌ನ ಪ್ರೋಗ್ರಾಮಿಂಗ್ ವೇದಿಕೆ) ದಿನವಿಡೀ ಓಡುವ ಸರ್ವಿಸ್ ಬರೆಯುವವರು ದಯವಿಟ್ಟು ಇದನ್ನು ಓದಿ. ಶಿರಸಿಯಲ್ಲಿ ನಾನು ಬರೆದುಕೊಟ್ಟ ಪ್ರೋಗ್ರಾಮ್ ಒಂದು ದಿನ ಕೈಕೊಟ್ಟು, ಅಡಿಕೆ ತಂದವರು ಸಂಜೆಯವರೆಗೆ ಕಾಯಬೇಕಾಯಿತು. ಅದನ್ನು ಸರಿ ಮಾಡಲು ಹೋಗಿ ಇನ್ನೊಂದು ತಪ್ಪು ಮಾಡಿದೆ. ಅದರಿಂದ ಒಬ್ಬರಿಗೆ ತಪ್ಪು ದರದ ಎಸ್ಸೆಮ್ಮೆಸ್ ಹೋಯಿತು. ಮೊದಲನೆಯದಕ್ಕಿಂತ ಎರಡನೆಯದು ನನ್ನನ್ನು ಜಾಸ್ತಿ ಚುಚ್ಚುತ್ತದೆ.

ಕೆಲಸ ಸಣ್ಣದು. ವಖಾರಿಗೆ ರೈತರು ಚಾಲಿ, ರಾಶಿ, ಬೆಟ್ಟೆ ಹೀಗೆ ಬಗೆಬಗೆಯ ಅಡಿಕೆ ತರುತ್ತಾರೆ. ಚೀಲ ತೂಕದ ಯಂತ್ರದ ಮೇಲೆ ಕೂರುತ್ತದೆ. ಯಂತ್ರದಿಂದ ಕಂಪ್ಯೂಟರಿಗೆ ಒಂದು ಸೀರಿಯಲ್ ಕೇಬಲ್. ನನ್ನ ಪ್ರೋಗ್ರಾಮ್ ಸೆಕೆಂಡಿಗೊಮ್ಮೆ ತೂಕ ಓದುತ್ತದೆ, ನಿಂತ ತೂಕವನ್ನು ಲಾಟ್ ನಂಬರಿನ ಜೊತೆ ಡೇಟಾಬೇಸಿಗೆ ಹಾಕುತ್ತದೆ. ಟೆಂಡರ್ ಮುಗಿದ ಮೇಲೆ ದರ ಸೇರಿಸಿ ರೈತರಿಗೆ ಎಸ್ಸೆಮ್ಮೆಸ್ ಕಳಿಸುತ್ತದೆ. 4 ಜಿಬಿ ಮೆಮೊರಿಯ ಹಳೇ ಕಂಪ್ಯೂಟರ್, ಡೇಟಾಬೇಸೂ ಅದರಲ್ಲೇ. ಬೆಳಿಗ್ಗೆ ಎಂಟಕ್ಕೆ ಆನ್ ಮಾಡುತ್ತಾರೆ, ಸಂಜೆ ಬಾಗಿಲು ಹಾಕುವಾಗ ಆಫ್.

ಮೊದಲ ಕೆಲವು ತಿಂಗಳು ಏನೂ ತೊಂದರೆ ಇರಲಿಲ್ಲ. ಮಳೆಗಾಲದಲ್ಲಿ ಕೇಬಲ್ ಸಡಿಲಾಗಿ ಪೋರ್ಟ್ ಆಗಾಗ ಸಿಕ್ಕಿಹಾಕಿಕೊಳ್ಳತೊಡಗಿತು. ಒಮ್ಮೆ ತೆರೆದ ಪೋರ್ಟನ್ನು ಇಡೀ ದಿನ ಹಾಗೇ ಇಡುವ ಬದಲು, ಪ್ರತಿ ಸಲ ತೆರೆದು, ಓದಿ, ಮುಚ್ಚೋಣ ಅಂದುಕೊಂಡೆ. ಆ ಕೆಲಸವನ್ನು ತೂಕ ಓದುವ ಕ್ಲಾಸಿನ ಒಳಗೇ ತಂದೆ. ಮುಚ್ಚುವ ಕೆಲಸ ಬಂತಲ್ಲ, ಹಾಗಾಗಿ ಆ ಕ್ಲಾಸಿಗೆ ಐಡಿಸ್ಪೋಸಬಲ್ ಹಾಕಿದೆ, ಅಂದರೆ ಕೆಲಸ ಮುಗಿದಾಗ ಮುಚ್ಚಲು ಡಿಸ್ಪೋಸ್ ಅನ್ನುವ ಫಂಕ್ಷನ್ ಕೊಡುವ ಇಂಟರ್‌ಫೇಸ್. ಕಂಟೇನರಿನಲ್ಲಿ (ಕೇಳಿದ ಆಬ್ಜೆಕ್ಟ್‌ಗಳನ್ನು ಮಾಡಿಕೊಡುವ ಡಾಟ್‌ನೆಟ್‌ನ ಭಾಗ) ಅದು ಮೊದಲಿಂದಲೂ ಟ್ರಾನ್ಸಿಯೆಂಟ್ ಆಗಿಯೇ ಇತ್ತು. ಕೇಳಿದಾಗೆಲ್ಲ ಹೊಸದು ಕೊಡುತ್ತದೆ, ಬಳಸಿ ಬಿಟ್ಟರೆ ಗಾರ್ಬೇಜ್ ಕಲೆಕ್ಟರ್ ಗುಡಿಸಿಕೊಂಡು ಹೋಗುತ್ತದೆ ಅಂತ ನಾನು ನಂಬಿದ್ದೆ. ಮನೆಯಲ್ಲಿ ಹತ್ತು ನಿಮಿಷ ಓಡಿಸಿ ನೋಡಿದೆ. ಚೆನ್ನಾಗಿತ್ತು. ಹಾಕಿ ಬಂದೆ.

ಮಾರನೇ ದಿನದಿಂದ ಮಧ್ಯಾಹ್ನ ಮೂರರ ಸುಮಾರಿಗೆ ಪ್ರೋಗ್ರಾಮ್ ನಿಧಾನವಾಗತೊಡಗಿತು. ತೂಕ ಬಂದು ಎಷ್ಟೋ ಹೊತ್ತಿನ ಮೇಲೆ ಪರದೆಯಲ್ಲಿ ಕಾಣಿಸುತ್ತಿತ್ತು. ಆಮೇಲೆ ಔಟ್ ಆಫ್ ಮೆಮೊರಿ ಅಂತ ನಿಂತೇ ಹೋಗುತ್ತಿತ್ತು. ಲೆಕ್ಕದ ಹುಡುಗ ಫೋನ್ ಮಾಡಿದ. "ಊಟ ಆದ ಮೇಲೆ ಒಮ್ಮೆ ರೀಸ್ಟಾರ್ಟ್ ಮಾಡ್ಬಿಡಿ, ಸಾಕು" ಅಂದೆ. ನಾನು ಹಾಗೆ ಹೇಳಲೇಬಾರದಿತ್ತು. ರೀಸ್ಟಾರ್ಟ್ ಮಾಡಿದರೆ ಎಲ್ಲ ಸರಿಹೋಗುತ್ತಿತ್ತು, ಅದಕ್ಕೇ ಎರಡು ತಿಂಗಳು ನಾನು ಕಾರಣ ಹುಡುಕಲೇ ಇಲ್ಲ.

ಚಾಲಿ ಜೋರಾಗಿ ಬರುವ ಸಮಯದ ಒಂದು ದಿನ, ಗದ್ದಲದಲ್ಲಿ ರೀಸ್ಟಾರ್ಟ್ ಮಾಡಲು ಅವರಿಗೆ ನೆನಪಾಗಲಿಲ್ಲ. ತೂಕ ನಡೆಯುತ್ತಿದ್ದಾಗಲೇ ಪ್ರೋಗ್ರಾಮ್ ಸತ್ತಿತು. ಕೊನೆಯ ಹಲವು ಚೀಲಗಳ ತೂಕ ಡೇಟಾಬೇಸಿಗೆ ಹೋಗಿದೆಯೋ ಇಲ್ಲವೋ ಅನ್ನುವುದೇ ಗೊತ್ತಾಗಲಿಲ್ಲ. ಹಮಾಲರು ಅಟ್ಟಿಯಿಂದ ಚೀಲ ಮತ್ತೆ ಇಳಿಸಿ, ಒಂದೊಂದಾಗಿ ಯಂತ್ರದ ಮೇಲಿಟ್ಟು, ಕಾಗದದ ಮೇಲೆ ಪೆನ್ಸಿಲ್‌ನಲ್ಲಿ ಬರೆದುಕೊಂಡರು. ಯಲ್ಲಾಪುರ ಕಡೆಯಿಂದ ಬಾಡಿಗೆ ಜೀಪಿನಲ್ಲಿ ಬಂದವರು ಕತ್ತಲಾಗುವವರೆಗೆ ಕಾದರು. ನಾನು ಅಲ್ಲೇ ನಿಂತು ನೋಡುತ್ತಿದ್ದೆ.

ಮರುದಿನ ಎಂಟಕ್ಕೇ ಹೋಗಿ ಕೂತೆ. ಡಾಟ್‌ನೆಟ್ ಕೌಂಟರ್ಸ್ (ಓಡುತ್ತಿರುವ ಪ್ರೋಗ್ರಾಮಿನ ಅಂಕಿಅಂಶ ತೋರಿಸುವ ಟೂಲ್) ಹಾಕಿ ನೋಡಿದರೆ ಜನರೇಷನ್ 2ರ ಹೀಪ್, ಅಂದರೆ ಬಹಳ ಹೊತ್ತು ಉಳಿದ ಆಬ್ಜೆಕ್ಟ್‌ಗಳ ಮೆಮೊರಿ, ಏರುತ್ತಲೇ ಇದೆ. ಕಲೆಕ್ಷನ್ ಆದ ಮೇಲೂ ಇಳಿಯುವುದಿಲ್ಲ. ಹನ್ನೊಂದಕ್ಕೆ ಡಾಟ್‌ನೆಟ್ ಡಂಪ್‌ನಿಂದ ಒಂದು ಡಂಪ್, ಅಂದರೆ ಆ ಕ್ಷಣದ ಮೆಮೊರಿಯ ನಕಲು, ತೆಗೆದೆ. ತೂಕ ಓದುವ ಆ ಕ್ಲಾಸಿನ ಆಬ್ಜೆಕ್ಟ್‌ಗಳು ಹೆಚ್ಚುಕಡಿಮೆ 10,800 ಇದ್ದವು. ಎಂಟರಿಂದ ಹನ್ನೊಂದರವರೆಗೆ ಎಷ್ಟು ಸೆಕೆಂಡೋ ಅಷ್ಟೇ. ಅಂದರೆ ಒಂದೂ ಹೋಗಿಲ್ಲ! ಪ್ರತಿಯೊಂದರ ಒಳಗೂ ಒಂದು 64 ಕೆಬಿ ಬಫರ್. ಮೂರು ಗಂಟೆಗೆ 25,200 ಆಗುತ್ತವೆ, ಒಂದೂವರೆ ಜಿಬಿಗಿಂತ ಜಾಸ್ತಿ. ಡೇಟಾಬೇಸೂ ಇರುವ 4 ಜಿಬಿ ಕಂಪ್ಯೂಟರಿಗೆ ಅಷ್ಟು ಸಾಕು.

ಯಾರು ಹಿಡಿದುಕೊಂಡಿದ್ದಾರೆ ಅಂತ ಜಿಸಿರೂಟ್ ಕಮಾಂಡ್ ಕೊಟ್ಟು ಕೇಳಿದೆ. ಉತ್ತರದಲ್ಲಿ ನನ್ನ ಕೋಡಿನ ಹೆಸರೇ ಇಲ್ಲ. ಸರ್ವಿಸ್ ಪ್ರೊವೈಡರ್ ಎಂಜಿನ್ ಸ್ಕೋಪ್, ಅದರೊಳಗೆ ಒಂದು ಲಿಸ್ಟ್, ಲಿಸ್ಟಿನೊಳಗೆ ನನ್ನ ಆಬ್ಜೆಕ್ಟ್‌ಗಳು. ಹಿಡಿದುಕೊಂಡಿದ್ದು ಕಂಟೇನರೇ.

ಇದು ಡಾಟ್‌ನೆಟ್‌ನ ದೋಷವಲ್ಲ, ಅದರ ಕ್ರಮವೇ ಹಾಗೆ. ತಾನು ಮಾಡಿಕೊಟ್ಟ ಆಬ್ಜೆಕ್ಟ್‌ಗೆ ಡಿಸ್ಪೋಸ್ ಇದ್ದರೆ, ಸ್ಕೋಪ್ (ಆಬ್ಜೆಕ್ಟ್‌ಗಳು ಬದುಕಿರಬೇಕಾದ ಅವಧಿ) ಮುಗಿಯುವಾಗ ಡಿಸ್ಪೋಸ್ ಮಾಡುವುದು ತನ್ನ ಹೊಣೆ ಅಂತ ಕಂಟೇನರ್ ಒಪ್ಪಿಕೊಂಡಿದೆ. ಅದಕ್ಕಾಗಿ ಪ್ರತಿಯೊಂದನ್ನೂ ಲಿಸ್ಟಿನಲ್ಲಿ ಬರೆದಿಟ್ಟುಕೊಳ್ಳುತ್ತದೆ, ಟ್ರಾನ್ಸಿಯೆಂಟ್ ಆದರೂ ಸರಿ. ವಖಾರಿಯಲ್ಲಿ ಖಾಲಿ ಗೋಣಿಚೀಲ ಕೊಟ್ಟಾಗ ಹೆಸರು ಬರೆದಿಡುತ್ತಾರಲ್ಲ, ಹಾಗೆ. ವೆಬ್ ರಿಕ್ವೆಸ್ಟ್‌ಗಳಲ್ಲಿ ಪ್ರತಿ ರಿಕ್ವೆಸ್ಟಿಗೂ ಒಂದು ಸ್ಕೋಪ್ ಇರುತ್ತದೆ, ಅದು ಮುಗಿದಾಗ ಲೆಕ್ಕ ಚುಕ್ತಾ. ಆದರೆ ಬ್ಯಾಕ್‌ಗ್ರೌಂಡ್ ಸರ್ವಿಸ್ ಒಂದು ಸಿಂಗಲ್‌ಟನ್, ಪ್ರೋಗ್ರಾಮ್ ಓಡುವವರೆಗೂ ಒಂದೇ ಒಂದು ಇರುವಂಥದ್ದು. ಅದಕ್ಕೆ ಸಿಗುವ ಸರ್ವಿಸ್ ಪ್ರೊವೈಡರ್ ರೂಟ್, ಅಂದರೆ ಎಲ್ಲಕ್ಕೂ ಮೇಲಿನ, ಕಂಟೇನರಿನದ್ದು. ರೂಟ್ ಮುಗಿಯುವುದು ಪ್ರೋಗ್ರಾಮ್ ನಿಂತಾಗ ಮಾತ್ರ. ನಾನು ಲೂಪಿನ ಒಳಗೆ ಸೆಕೆಂಡಿಗೊಮ್ಮೆ ಗೆಟ್‌ರಿಕ್ವೈರ್ಡ್‌ಸರ್ವಿಸ್ (ಕಂಟೇನರಿನಿಂದ ಆಬ್ಜೆಕ್ಟ್ ಕೇಳುವ ಫಂಕ್ಷನ್) ಕರೆಯುತ್ತಿದ್ದದ್ದು ಆ ರೂಟಿನಿಂದಲೇ.

ಇಲ್ಲಿ ಎರಡು ವಿಷಯ ಸರಿಯಾಗಿ ನೋಡಿಕೊಳ್ಳಿ, ನನಗೆ ಎರಡೂ ಗೊತ್ತಿರಲಿಲ್ಲ. ಒಂದು, ನಾನು ಯೂಸಿಂಗ್ ಹಾಕಿದ್ದೆ, ಬಳಸಿ ಮುಗಿದಾಗ ಅದು ತಾನಾಗಿಯೇ ಡಿಸ್ಪೋಸ್ ಕರೆಯುತ್ತದೆ. ಡಿಸ್ಪೋಸ್ ಪ್ರತಿ ಸಲ ಆಗುತ್ತಿತ್ತು, ಪೋರ್ಟ್ ಮುಚ್ಚುತ್ತಿತ್ತು. ಆದರೆ ಡಿಸ್ಪೋಸ್ ಮಾಡಿದ್ದರಿಂದ ಕಂಟೇನರಿನ ಲಿಸ್ಟಿನಲ್ಲಿ ಹೆಸರು ಅಳಿಯುವುದಿಲ್ಲ. ಲಿಸ್ಟ್ ಹಿಡಿದಿರುವವರೆಗೆ ಕಲೆಕ್ಟರ್ ಆ ಬಫರನ್ನು ಮುಟ್ಟುವುದಿಲ್ಲ. ಎರಡು, ಐಡಿಸ್ಪೋಸಬಲ್ ಇಲ್ಲದ ಟ್ರಾನ್ಸಿಯೆಂಟನ್ನು ಈ ಕಂಟೇನರ್ ಬರೆದಿಡುವುದೇ ಇಲ್ಲ. ಅದಕ್ಕೇ ಮೊದಲ ತಿಂಗಳುಗಳು ಏನೂ ಆಗಿರಲಿಲ್ಲ. ಅಚ್ಚುಕಟ್ಟಾಗಿರಲಿ ಅಂತ ಸೇರಿಸಿದ ಒಂದು ಇಂಟರ್‌ಫೇಸ್‌ನಿಂದ ಸೋರಿಕೆ ಶುರುವಾಯಿತು. ಲೂಪಿನ ಕೋಡಿನಲ್ಲಿ ಆ ಯೂಸಿಂಗ್ ಬಿಟ್ಟು ಬೇರೇನೂ ಬದಲಾಗಿರಲಿಲ್ಲ.

ಇನ್ನು ಎರಡನೇ ತಪ್ಪು. ಕಾರಣ ಗೊತ್ತಾದ ಖುಷಿಯಲ್ಲಿ, ಅಲ್ಲೇ ಕೂತು, ಎಲ್ಲವನ್ನೂ ಸಿಂಗಲ್‌ಟನ್ ಮಾಡಿಬಿಟ್ಟೆ. ಒಂದೇ ಆಬ್ಜೆಕ್ಟ್ ಇದ್ದರೆ ಸೋರುವುದಾದರೂ ಏನು, ಅಲ್ವಾ? ಮೆಮೊರಿ ಸಂಜೆಯವರೆಗೆ ಅಲ್ಲಾಡಲಿಲ್ಲ. ಆದರೆ ಎಸ್ಸೆಮ್ಮೆಸ್ ಕಳಿಸುವ ಕ್ಲಾಸಿನ ಒಳಗೆ ಡಿಬಿಕಾಂಟೆಕ್ಸ್ಟ್ (ಡೇಟಾಬೇಸಿನಿಂದ ಓದಿ ಬರೆಯುವ ಆಬ್ಜೆಕ್ಟ್) ಇತ್ತು. ಅದು ಸ್ಕೋಪ್ಡ್, ಸ್ವಲ್ಪ ಹೊತ್ತು ಬದುಕಿ ಹೋಗಬೇಕಾದದ್ದು. ಸಿಂಗಲ್‌ಟನ್ ಒಳಗೆ ಸೇರಿ ಅದೂ ಇಡೀ ದಿನ ಬದುಕಿತು. ಇದಕ್ಕೆ ಕ್ಯಾಪ್ಟಿವ್ ಡಿಪೆಂಡೆನ್ಸಿ ಅಂತಾರೆ. ಡಿಬಿಕಾಂಟೆಕ್ಸ್ಟ್ ಒಮ್ಮೆ ಓದಿದ ಸಾಲನ್ನು ನೆನಪಿಟ್ಟುಕೊಳ್ಳುತ್ತದೆ. ಮತ್ತೆ ಕೇಳಿದರೆ ಕ್ವೆರಿ ಡೇಟಾಬೇಸಿಗೆ ಹೋಗಿ ಬರುತ್ತದೆ, ಆದರೂ ಕೈಗೆ ಸಿಗುವುದು ಮೊದಲು ಓದಿದ ಹಳೇ ಆಬ್ಜೆಕ್ಟೇ.

ಒಂದು ಲಾಟಿಗೆ ಕ್ವಿಂಟಲ್ ದರ 38,299 ಅಂತ ತಪ್ಪಾಗಿ ಟೈಪ್ ಆಗಿತ್ತು. ಬಿಲ್ಲಿನ ಕೌಂಟರಿನಲ್ಲಿ ಗಮನಿಸಿ 36,299 ಅಂತ ತಿದ್ದಿದರು. ಬಿಲ್ಲು ಸರಿಯಾಗಿ ಬಂತು. ನನ್ನ ಪ್ರೋಗ್ರಾಮ್ ಮಾತ್ರ ಮೊದಲು ಓದಿದ 38,299ನ್ನೇ ಎಸ್ಸೆಮ್ಮೆಸ್ ಮಾಡಿತು. ಆರು ಕ್ವಿಂಟಲ್ ಚಾಲಿ. ಹನ್ನೆರಡು ಸಾವಿರ ರೂಪಾಯಿ ವ್ಯತ್ಯಾಸ. ಅವರು ವಯಸ್ಸಾದವರು. ಮಾರನೇ ದಿನ ಬಸ್ಸಿನಲ್ಲಿ ಬಂದು, ಒಂದು ಕೈಯಲ್ಲಿ ಮೊಬೈಲು ಇನ್ನೊಂದರಲ್ಲಿ ಬಿಲ್ಲು ಹಿಡಿದು, "ತಮಾ, ಇದ್ರಲ್ಲಿ ಖರೆ ಯಾವ್ದು?" ಅಂತ ಕೇಳಿದರು. ಸಿಟ್ಟು ಮಾಡಲಿಲ್ಲ. ಎಸ್ಸೆಮ್ಮೆಸ್ ನೋಡಿ ಕೊನೆಗೌಡನಿಗೆ (ಮರ ಹತ್ತಿ ಅಡಿಕೆ ಕೊನೆ ಇಳಿಸುವವನಿಗೆ) ಬಾಕಿ ಪೂರ್ತಿ ಕೊಡುತ್ತೇನೆ ಅಂತ ಹೇಳಿಬಿಟ್ಟಿದ್ದರಂತೆ. ಬಿಲ್ಲಿನಲ್ಲಿರುವುದೇ ಸರಿ, ಮೆಸೇಜು ನನ್ನ ತಪ್ಪು ಅಂತ ಅವರ ಮುಂದೆ ಕೂತು ವಿವರಿಸಿದೆ. ಅವರು ತಲೆಯಾಡಿಸಿ ಎದ್ದು ಹೋದರು.

ಇದನ್ನು ಡಾಟ್‌ನೆಟ್ ನನಗೆ ಮೊದಲೇ ಹೇಳುತ್ತಿತ್ತು. ಎನ್ವಿರಾನ್‌ಮೆಂಟ್ ಡೆವಲಪ್‌ಮೆಂಟ್ ಆಗಿದ್ದರೆ ವ್ಯಾಲಿಡೇಟ್‌ಸ್ಕೋಪ್ಸ್ ತಾನಾಗಿಯೇ ಆನ್ ಇರುತ್ತದೆ. ಸಿಂಗಲ್‌ಟನ್ ಒಳಗೆ ಸ್ಕೋಪ್ಡ್ ಬಂದರೆ ಎರರ್ ಕೊಟ್ಟು ನಿಲ್ಲುತ್ತದೆ. ನಾನು ಮನೆಯಲ್ಲಿ ಓಡಿಸದೆ ನೇರವಾಗಿ ವಖಾರಿಯ ಕಂಪ್ಯೂಟರಿನಲ್ಲೇ ತಿದ್ದಿದೆ. ಅಲ್ಲಿ ಪ್ರೊಡಕ್ಷನ್. ಆ ತಪಾಸಣೆ ಆಫ್. ಈಗ ಅದನ್ನು ಎಲ್ಲ ಕಡೆ ಆನ್ ಮಾಡಿಟ್ಟಿದ್ದೇನೆ, ಜೊತೆಗೆ ಕಂಟೇನರ್ ಕಟ್ಟುವಾಗಲೇ ತಪಾಸಣೆ ಮಾಡುವ ವ್ಯಾಲಿಡೇಟ್‌ಆನ್‌ಬಿಲ್ಡ್ ಕೂಡ. ಆದರೆ ಅದೊಂದನ್ನೇ ನಂಬಬೇಡಿ. ರೂಟಿನಿಂದ ಐಡಿಸ್ಪೋಸಬಲ್ ಟ್ರಾನ್ಸಿಯೆಂಟ್ ತೆಗೆಯುವ ನನ್ನ ಮೊದಲ ತಪ್ಪನ್ನು ಅದು ಹಿಡಿಯುವುದಿಲ್ಲ.

ಈಗ ಮಾಡಿರುವುದು ಇಷ್ಟು. ಬ್ಯಾಕ್‌ಗ್ರೌಂಡ್ ಸರ್ವಿಸ್‌ಗೆ, ಬೇಕಾದಾಗ ಹೊಸ ಸ್ಕೋಪ್ ಮಾಡಿಕೊಡುವ ಐಸರ್ವಿಸ್‌ಸ್ಕೋಪ್‌ಫ್ಯಾಕ್ಟರಿ ಮಾತ್ರ ಕೊಡುತ್ತೇನೆ. ಒಂದು ಲಾಟಿನ ಎಸ್ಸೆಮ್ಮೆಸ್ ಅಂದರೆ ಒಂದು ಸ್ಕೋಪ್, ಯೂಸಿಂಗ್ ಒಳಗೆ. ಕ್ಲಾಸ್, ಡಿಬಿಕಾಂಟೆಕ್ಸ್ಟ್ ಎರಡೂ ಅದರಿಂದಲೇ ಬರುತ್ತವೆ, ಅದರ ಜೊತೆಗೇ ಹೋಗುತ್ತವೆ. ತೂಕ ಓದುವ ಕ್ಲಾಸನ್ನು ಕಂಟೇನರಿನಿಂದಲೇ ಹೊರಗೆ ತಂದೆ. ಒಂದು ಸಣ್ಣ ಫ್ಯಾಕ್ಟರಿ ಅದನ್ನು ನ್ಯೂ ಮಾಡಿ ಕೊಡುತ್ತದೆ, ಮುಚ್ಚುವ ಹೊಣೆ ನನ್ನದು. ಕಂಟೇನರ್ ಮಾಡದ್ದನ್ನು ಕಂಟೇನರ್ ಬರೆದಿಡುವುದಿಲ್ಲ.

ಬೇರೆ ಕಂಟೇನರ್ ಬಳಸುವವರು ನಿಮ್ಮದರ ನಿಯಮ ಓದಿಕೊಳ್ಳಿ, ಎಲ್ಲವೂ ಒಂದೇ ಥರ ಅಲ್ಲ. ಡಾಟ್‌ನೆಟ್‌ನ ಇನ್ನೊಂದು ಕಂಟೇನರ್ ಆಟೋಫ್ಯಾಕ್ ಕೂಡ ಹೀಗೇ ಹಿಡಿದಿಟ್ಟುಕೊಳ್ಳುತ್ತದೆ. ಜಾವಾದ ಸ್ಪ್ರಿಂಗ್‌ನಲ್ಲಿ ಉಲ್ಟಾ: ಪ್ರೊಟೊಟೈಪ್ ಬೀನ್ (ಅಲ್ಲಿನ ಟ್ರಾನ್ಸಿಯೆಂಟ್) ಮಾಡಿಕೊಟ್ಟ ಮೇಲೆ ಅದು ಕೈತೊಳೆದುಕೊಳ್ಳುತ್ತದೆ, ಮುಚ್ಚುವ ಕೆಲಸ ನಿಮ್ಮದೇ. ಅಲ್ಲಿಂದ ಇಲ್ಲಿಗೆ ಬಂದವರು ಮೋಸಹೋಗುವುದು ಸುಲಭ.

ನಿಮ್ಮ ಕೋಡಿನಲ್ಲಿ ವೈಲ್ ಲೂಪ್ ಅಥವಾ ಟೈಮರ್ ಒಳಗೆ ಗೆಟ್‌ರಿಕ್ವೈರ್ಡ್‌ಸರ್ವಿಸ್ ಇದೆಯಾ ಅಂತ ಇವತ್ತೇ ಹುಡುಕಿ. ಇದ್ದರೆ ಅದು ಯಾವ ಸ್ಕೋಪಿನದ್ದು ನೋಡಿ. ಟೆಸ್ಟ್ ಮಾಡುವಾಗ ಹತ್ತು ನಿಮಿಷ ಸಾಲದು, ಬೆಳಿಗ್ಗೆಯಿಂದ ಸಂಜೆಯವರೆಗೆ ಓಡಲು ಬಿಡಿ. ಯಾರಾದರೂ "ದಿನಾ ಒಮ್ಮೆ ರೀಸ್ಟಾರ್ಟ್ ಮಾಡ್ತೀವಿ, ತೊಂದರೆ ಇಲ್ಲ" ಅಂದರೆ ಆ ದಿನವೇ ಡಂಪ್ ತೆಗೆಯಿರಿ.

ಶಿರಸಿಯ ಕಂಪ್ಯೂಟರಿನಲ್ಲಿ ಈಗ ಹೀಪ್ ಎಂಟಕ್ಕೆ ಎಷ್ಟಿರುತ್ತದೋ ಸಂಜೆ ಆರಕ್ಕೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಅವರ ಇನ್ನೊಂದು ವಖಾರಿ ಸಿದ್ದಾಪುರದಲ್ಲಿದೆ. ಅಲ್ಲಿ ಇನ್ನೂ ಹಳೇ ಪ್ರೋಗ್ರಾಮೇ ಓಡುತ್ತಿದೆ. ನಾಳೆ ಬೆಳಗಿನ ಬಸ್ಸಿಗೆ ಹೋಗಿ ಬದಲಾಯಿಸಿ ಬರುತ್ತೇನೆ.