ಹಾರ್ಟಿಗೆ ಒಳ್ಳೇದು ಅಂತ ಹಾರ್ಮೋನ್ ಮಾತ್ರೆ ನುಂಗಬೇಡಿ

ನನಗೆ ಈಗ 62 ವರ್ಷ. ಮುಟ್ಟು ನಿಂತಿದ್ದು 47ಕ್ಕೆ. ಹೋದ ವರ್ಷ ನಾಲ್ಕು ತಿಂಗಳು ಈಸ್ಟ್ರೋಜನ್ ಅನ್ನುವ ಹೆಣ್ಣು ಹಾರ್ಮೋನಿನ ಮಾತ್ರೆ ನುಂಗಿದೆ. ಯಾವ ಡಾಕ್ಟರೂ ಬರೆದುಕೊಟ್ಟಿದ್ದಲ್ಲ. ಕೊನೆಗೆ ಐಸಿಯುನಲ್ಲಿ ಮೂರು ದಿನ ಮಲಗಿ ಎದ್ದು ಬಂದೆ. ನಿಮ್ಮ ಮನೆಯಲ್ಲಿ ಅಮ್ಮ, ಅತ್ತೆ, ದೊಡ್ಡಮ್ಮ ಯಾರಾದರೂ ಈ ವಯಸ್ಸಿನವರಿದ್ದರೆ ದಯವಿಟ್ಟು ಅವರಿಗೆ ಇದನ್ನು ಓದಿ ಹೇಳಿ.

ಎಲ್ಲದಕ್ಕೂ ಮೂಲ ಭಯ. ನನ್ನ ಓರಗಿತ್ತಿ ಹಾರ್ಟ್ ಅಟ್ಯಾಕ್ ಆಗಿ ತೀರಿಕೊಂಡರು. ಎದೆನೋವು ಅಂತ ಅವರು ಒಂದು ಸಲವೂ ಹೇಳಲಿಲ್ಲ. ದವಡೆ ಹಿಡಿದುಕೊಂಡಿದೆ, ಬೆನ್ನು ನೋವು, ವಾಕರಿಕೆ ಅಂದರು. ಗ್ಯಾಸ್ ಇರಬೇಕು ಅಂತ ಜೀರಿಗೆ ಕಷಾಯ ಮಾಡಿಕೊಟ್ಟವಳು ನಾನೇ. ಬೆಳಿಗ್ಗೆ ಎದ್ದೇಳಲಿಲ್ಲ. ಹೆಂಗಸರಿಗೆ ಹಾರ್ಟ್ ಅಟ್ಯಾಕ್ ಹೀಗೂ ಬರುತ್ತದೆ ಅಂತ ನಮಗ್ಯಾರಿಗೂ ಗೊತ್ತಿರಲಿಲ್ಲ.

ಆಮೇಲೆ ಒಂದು ದಿನ ಪಕ್ಕದ ಮನೆಯಾಕೆ ಹೇಳಿದರು, "ಅಕ್ಕಾ, ಈ ಹಾರ್ಮೋನ್ ಮೈಯಲ್ಲಿ ಇರೋತನಕ ಹೆಂಗಸರಿಗೆ ಹಾರ್ಟ್ ತೊಂದರೆ ಕಮ್ಮಿಯಂತೆ. ನಾನು ತಗೊಳ್ತಿದೀನಿ, ನೀವೂ ತಗೊಳ್ಳಿ." ಅವರಿಗೆ 50. ಗರ್ಭಕೋಶ ತೆಗೆಸಿ ಎರಡು ವರ್ಷ ಆಗಿತ್ತು. ರಾತ್ರಿಯೆಲ್ಲ ಮೈ ಬಿಸಿ ಏರಿ ಬೆವರು ಸುರಿಯುತ್ತದೆ ಅಂತ ಅವರ ಡಾಕ್ಟರ್ ಬರೆದುಕೊಟ್ಟ ಮಾತ್ರೆ ಅದು. ಪ್ರೀತಿಯಿಂದ ಹೇಳಿದರು, ಅವರ ಮೇಲೆ ನನಗೆ ಬೇಜಾರಿಲ್ಲ. ನಾನು ಅವರ ಖಾಲಿ ಸ್ಟ್ರಿಪ್ ಹಿಡಿದು ಮೆಡಿಕಲ್ ಶಾಪಿಗೆ ಹೋದೆ. ಚೀಟಿ ಕೇಳಲಿಲ್ಲ, ವಯಸ್ಸು ಕೇಳಲಿಲ್ಲ, ಕೊಟ್ಟುಬಿಟ್ಟರು.

ಮೂರನೇ ತಿಂಗಳು ಬಟ್ಟೆಯಲ್ಲಿ ರಕ್ತದ ಕಲೆ ಕಂಡಿತು. 14 ವರ್ಷದ ಮೇಲೆ! ನಾಚಿಕೆಗೆ ಯಾರಿಗೂ ಹೇಳಲಿಲ್ಲ. ಅದಾದ ಮೇಲೆ ದಾವಣಗೆರೆಯಿಂದ ಬೆಂಗಳೂರಿಗೆ ಮಗಳ ಮನೆಗೆ ಬಸ್ಸಿನಲ್ಲಿ ಹೋದೆ. ಇಳಿಯುವಾಗ ಎಡಗಾಲು ಭಾರ. ಮಾರನೇ ದಿನ ಆ ಕಾಲಿಗೆ ಚಪ್ಪಲಿ ಹೋಗಲಿಲ್ಲ. ಮೀನಖಂಡ ಕಲ್ಲಿನ ಹಾಗೆ ಗಟ್ಟಿಯಾಗಿ, ಮುಟ್ಟಿದರೆ ಬಿಸಿ. ಬಸ್ಸಿನಲ್ಲಿ ಕೂತಿದ್ದಕ್ಕೆ ಅಂತ ಎಣ್ಣೆ ತಿಕ್ಕಿಸಿಕೊಂಡೆ. ನಾಲ್ಕನೇ ದಿನ ಮಗಳ ಮನೆಯ ಮೆಟ್ಟಿಲು ಹತ್ತುವಾಗ ಉಸಿರೇ ಸಿಗಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟ್ರಮ್ಮ ಕೇಳಿದರು, "ಯಾವ ಯಾವ ಮಾತ್ರೆ ತಗೊಳ್ತೀರಮ್ಮಾ?" ಬಿಪಿದು ಒಂದೇ ಅಂದೆ. ಸುಳ್ಳು ಹೇಳಬೇಕು ಅಂತಲ್ಲ, ಹಾರ್ಮೋನ್ ಮಾತ್ರೆಯನ್ನು ನಾನು ಶಕ್ತಿ ಮಾತ್ರೆ ಅಂತಲೇ ತಿಳಿದಿದ್ದೆ. ಮಗಳು ನನ್ನ ಬ್ಯಾಗಿನಿಂದ ಸ್ಟ್ರಿಪ್ ತೆಗೆದು ತೋರಿಸಿದಳು. ಸ್ಕ್ಯಾನಿನಲ್ಲಿ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದು ಕಂಡಿತು. ಅದರ ಚೂರು ಶ್ವಾಸಕೋಶಕ್ಕೂ ಹೋಗಿತ್ತು. ಆರು ತಿಂಗಳು ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ತಗೊಂಡೆ.

ಬಾಯಲ್ಲಿ ನುಂಗಿದ ಈಸ್ಟ್ರೋಜನ್ ಮೊದಲು ಲಿವರಿಗೆ ಹೋಗುತ್ತದೆ, ಅಲ್ಲಿ ರಕ್ತ ಹೆಪ್ಪುಗಟ್ಟಿಸುವ ಅಂಶಗಳು ಜಾಸ್ತಿಯಾಗುತ್ತವೆ ಅಂತ ಡಾಕ್ಟ್ರಮ್ಮ ವಿವರಿಸಿದರು. ಅದರ ಮೇಲೆ ನನ್ನ ವಯಸ್ಸು, ಗಂಟೆಗಟ್ಟಲೆ ಕಾಲು ಇಳಿಬಿಟ್ಟು ಕೂತಿದ್ದು. ರಕ್ತದ ಕಲೆಗೆ ಕಾರಣವೂ ಅದೇ ಮಾತ್ರೆ. ಗರ್ಭಕೋಶ ಇರುವವರು ಬರೀ ಈಸ್ಟ್ರೋಜನ್ ತಗೊಳ್ಳಲೇಬಾರದಂತೆ. ಒಳಪದರ ದಪ್ಪವಾಗುತ್ತಾ ಹೋಗಿ ಕ್ಯಾನ್ಸರಿಗೂ ತಿರುಗಬಹುದು. ಅದನ್ನು ತಡೆಯಲು ಜೊತೆಗೆ ಪ್ರೊಜೆಸ್ಟರಾನ್ ಅನ್ನುವ ಇನ್ನೊಂದು ಹಾರ್ಮೋನ್ ಬೇಕು. ಪಕ್ಕದ ಮನೆಯಾಕೆಗೆ ಗರ್ಭಕೋಶವೇ ಇಲ್ಲ, ಅವರಿಗೆ ಒಂದೇ ಮಾತ್ರೆ ಸಾಕಿತ್ತು. ನನಗೆ ಬಯಾಪ್ಸಿ ಮಾಡಿದರು. ರಿಪೋರ್ಟ್ ಬರುವ ತನಕ ನಾವು ಪಟ್ಟ ಪಾಡು ದೇವರಿಗೇ ಗೊತ್ತು. ಸದ್ಯ, ಏನೂ ಇರಲಿಲ್ಲ.

ಇನ್ನು ಹಾರ್ಟಿನ ಮಾತು. ಹಾರ್ಮೋನ್ ಮಾತ್ರೆ ಹಾರ್ಟಿಗೆ ಒಳ್ಳೇದು ಅಂತ ಒಂದು ಕಾಲದಲ್ಲಿ ಡಾಕ್ಟರುಗಳೂ ನಂಬಿದ್ದರಂತೆ. ಹಾರ್ಮೋನ್ ತಗೊಳ್ಳುವ ಹೆಂಗಸರಲ್ಲಿ ಹಾರ್ಟ್ ಅಟ್ಯಾಕ್ ಕಮ್ಮಿ ಕಾಣುತ್ತಿತ್ತು. ಆದರೆ ಅವರಲ್ಲಿ ಹೆಚ್ಚಿನವರು ಅನುಕೂಲಸ್ಥರು, ಮೊದಲಿಂದಲೂ ಆರೋಗ್ಯ ನೋಡಿಕೊಳ್ಳುವವರು. ಸರಿಯಾಗಿ ಪರೀಕ್ಷೆ ಮಾಡಿದಾಗ ಲೆಕ್ಕ ತಿರುಗಿತು. 1998ರಲ್ಲಿ, ಆಗಲೇ ಹೃದ್ರೋಗವಿದ್ದ 2,763 ಹೆಂಗಸರ ಮೇಲೆ ಅಮೆರಿಕದವರು ಮಾಡಿದ ಪ್ರಯೋಗದ ಫಲಿತಾಂಶ ಬಂತು. ಹಾರ್ಟಿಗೆ ಲಾಭವಾಗಲಿಲ್ಲ, ಮೊದಲ ವರ್ಷ ತೊಂದರೆಯೇ ಜಾಸ್ತಿ. 2002ರಲ್ಲಿ 16,608 ಹೆಂಗಸರಿದ್ದ ಇನ್ನೊಂದು ದೊಡ್ಡ ಪ್ರಯೋಗವನ್ನು ಅರ್ಧದಲ್ಲೇ ನಿಲ್ಲಿಸಿದರು. ಎರಡೂ ಹಾರ್ಮೋನ್ ಸೇರಿಸಿ ತಗೊಂಡವರಲ್ಲಿ 10,000 ಜನಕ್ಕೆ ವರ್ಷಕ್ಕೆ ಹಾರ್ಟ್ ತೊಂದರೆ 7, ಸ್ಟ್ರೋಕ್ 8, ಶ್ವಾಸಕೋಶದ ಹೆಪ್ಪು 8 ಜಾಸ್ತಿ. ಸಣ್ಣ ಸಂಖ್ಯೆ ಅನ್ನಿಸಬಹುದು. ಆ ಎಂಟರಲ್ಲಿ ಒಬ್ಬಳಾಗಿ ನೋಡಿದರೆ ಸಣ್ಣದಲ್ಲ.

ಹಾಗಂತ ಯಾರೂ ಈ ಮಾತ್ರೆ ಮುಟ್ಟಬಾರದು ಅಂತ ನಾನು ಹೇಳುತ್ತಿಲ್ಲ. ನಿದ್ದೆ ಕೆಡಿಸುವ ಬಿಸಿ, ಬೆವರು ಇದ್ದರೆ ಇದಕ್ಕಿಂತ ಒಳ್ಳೇ ಔಷಧಿ ಇಲ್ಲವಂತೆ. 60ರೊಳಗಿನವರು, ಮುಟ್ಟು ನಿಂತು ಹತ್ತು ವರ್ಷ ದಾಟದವರು, ಸ್ತನ ಕ್ಯಾನ್ಸರ್, ಹೃದ್ರೋಗ, ಸ್ಟ್ರೋಕ್, ಹೆಪ್ಪುಗಟ್ಟಿದ ಇತಿಹಾಸ ಇಲ್ಲದವರು ಡಾಕ್ಟರಿಗೆ ತೋರಿಸಿ ತಗೊಳ್ಳಬಹುದು. 40ರೊಳಗೇ ಮುಟ್ಟು ನಿಂತವರಿಗಂತೂ ಡಾಕ್ಟರೇ ಸಾಮಾನ್ಯವಾಗಿ ಕೊಡುತ್ತಾರೆ. ನಾನು 61ಕ್ಕೆ, ಬಿಸಿ ಬೆವರು ಒಂದೂ ಇಲ್ಲದೆ, ಸುಮ್ನೆ ಹಾರ್ಟಿಗೆ ಅಂತ ಶುರು ಮಾಡಿದೆ.

ಒಂದೇ ಕಾಲು ಊದಿದರೆ ದಯವಿಟ್ಟು ತಿಕ್ಕಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ. ಮುಟ್ಟು ನಿಂತ ಮೇಲೆ ಒಂದು ಹನಿ ರಕ್ತ ಕಂಡರೂ ತೋರಿಸಿ. ಡಾಕ್ಟರ್ ಹತ್ತಿರ ಹೋಗುವಾಗ ಮನೆಯಲ್ಲಿರುವ ಎಲ್ಲ ಸ್ಟ್ರಿಪ್‌ಗಳನ್ನೂ ಒಂದು ಕವರಿಗೆ ಹಾಕಿಕೊಂಡು ಹೋಗಿ. ಪಕ್ಕದ ಮನೆಯಾಕೆಯೂ ಮೊನ್ನೆ ಹಾಗೇ ಹೋಗಿ ಬಂದರು. ಅವರಿಗೆ ಮಾತ್ರೆ ಬದಲು ಚರ್ಮಕ್ಕೆ ಹಚ್ಚುವ ಜೆಲ್ ಬರೆದುಕೊಟ್ಟಿದ್ದಾರೆ. ಅದರಲ್ಲಿ ಹೆಪ್ಪುಗಟ್ಟುವ ಅಪಾಯ ಕಮ್ಮಿಯಂತೆ. ನನಗೆ ಬಿಪಿ ಮಾತ್ರೆ, ಕೊಲೆಸ್ಟ್ರಾಲ್ ಮಾತ್ರೆ ಮತ್ತು ಬೆಳಿಗ್ಗೆ ಅರ್ಧ ಗಂಟೆ ನಡಿಗೆ. ಈಗ ಇಬ್ಬರೂ ಒಟ್ಟಿಗೇ ನಡೆಯುತ್ತೇವೆ.