ಅಕ್ಟೋಬರ್‌ನ ಪಿಂಕ್ ರಿಬ್ಬನ್ನೋ, ತಿಂಗಳ ದೇಣಿಗೆಯೋ?

ಸ್ತನ ಕ್ಯಾನ್ಸರ್ ಗೆದ್ದು ಬಂದ, ಆದರೆ ವಿಮೆ ಇಲ್ಲದ ಹೆಂಗಸರಿಗೆ ನೆರವಾಗುವ ಸಂಸ್ಥೆಗೆ ನಿಮ್ಮ ಅಂಗಡಿ ಅಥವಾ ಕಂಪನಿಯಿಂದ ಏನಾದರೂ ಕೊಡಬೇಕು ಅಂತಿದ್ದೀರಾ? ಸಾಮಾನ್ಯವಾಗಿ ಎರಡು ದಾರಿ. ಸ್ತನ ಕ್ಯಾನ್ಸರ್ ಜಾಗೃತಿಯ ತಿಂಗಳಾದ ಅಕ್ಟೋಬರ್‌ನಲ್ಲಿ, ಅದರ ಗುರುತಾದ ಪಿಂಕ್ ರಿಬ್ಬನ್ ಹಾಕಿ ಮಾರಾಟದಲ್ಲಿ ಇಂತಿಷ್ಟು ಪಾಲು ಕೊಡುವುದು. ಇಲ್ಲಾ, ತಿಂಗಳಿಗೆ ಇಷ್ಟು ಅಂತ ವರ್ಷಪೂರ್ತಿ ಕೊಡುವುದು.

ಮೊದಲನೆಯದು ಶುರು ಮಾಡಲು ಸುಲಭ, ಗಿರಾಕಿಗಳೂ ಕೈಜೋಡಿಸುತ್ತಾರೆ, ಸಂಸ್ಥೆಯ ಹೆಸರು ನಾಲ್ಕು ಜನಕ್ಕೆ ಗೊತ್ತಾಗುತ್ತದೆ. ಆದರೆ ಎಷ್ಟು ಪಾಲು, ಯಾರಿಗೆ ಅಂತ ಪ್ಯಾಕೆಟ್ ಮೇಲೇ ಬರೆಯಿರಿ. ಸುಮ್ನೆ 'ಲಾಭದ ಒಂದು ಭಾಗ' ಅಂದರೆ ಯಾರಿಗೂ ಏನೂ ತಿಳಿಯುವುದಿಲ್ಲ.

ನನ್ನ ಓಟು ಎರಡನೆಯದಕ್ಕೆ. ಚಿಕಿತ್ಸೆ ಮುಗಿದರೂ ಖರ್ಚು ಮುಗಿಯುವುದಿಲ್ಲ ನೋಡಿ. ಎಷ್ಟೋ ಜನ ಹಾರ್ಮೋನ್ ತಡೆಯುವ ಮಾತ್ರೆಯನ್ನು 5ರಿಂದ 10 ವರ್ಷ ದಿನಾ ನುಂಗಬೇಕು, ವರ್ಷಕ್ಕೊಮ್ಮೆ ಮ್ಯಾಮೊಗ್ರಾಮ್ (ಸ್ತನದ ಎಕ್ಸ್‌ರೇ) ಆಗಬೇಕು, ತೋಳು ಊದಿಕೊಂಡರೆ ಹಾಕಿಕೊಳ್ಳುವ ಬಿಗಿಯಾದ ಕಂಪ್ರೆಷನ್ ಸ್ಲೀವ್ ಕೂಡ ಕೆಲವೇ ತಿಂಗಳಲ್ಲಿ ಸಡಿಲವಾಗಿ ಹೊಸದು ಬೇಕಾಗುತ್ತದೆ. ಇದೆಲ್ಲ ಅಕ್ಟೋಬರ್‌ವರೆಗೆ ಕಾಯುವುದಿಲ್ಲ, ಅಲ್ವಾ? ಸಣ್ಣ ಮೊತ್ತವೇ ಆಗಲಿ, ತಪ್ಪದೆ ಬಂದರೆ 'ಮುಂದಿನ ತಿಂಗಳ ಮಾತ್ರೆ ನಾವು ಕೊಡುತ್ತೇವೆ' ಅಂತ ಸಂಸ್ಥೆಯವರು ಧೈರ್ಯವಾಗಿ ಹೇಳಬಹುದು.

ದುಡ್ಡು ಕಷ್ಟ ಅನ್ನುವವರು ಸಂಸ್ಥೆಯ ಲೆಕ್ಕಪತ್ರ ನೋಡಿಕೊಡಿ. ಅದೂ ದೊಡ್ಡ ಉಳಿತಾಯವೇ.