ಮೊದಲ ಸ್ಕೂಬಾಗೆ ನೇತ್ರಾಣಿಯೋ, ಹ್ಯಾವ್‌ಲಾಕೋ?

ಚಿಕ್ಕಮಗಳೂರಿನ ನಮ್ಮಂಥವರಿಗೆ ನೀರೆಂದರೆ ಭದ್ರಾ ನದಿ, ತೋಟದ ಕೆರೆ, ಹೆಚ್ಚೆಂದರೆ ಹೆಬ್ಬೆ ಜಲಪಾತ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರದೊಳಗೆ ಉಸಿರಾಡುತ್ತ ಇಳಿದು ನೋಡುವ ಸ್ಕೂಬಾ ಡೈವಿನ ಆಸೆ ಹುಟ್ಟಿದಾಗ ನಮ್ಮ ಮುಂದೆ ಬರುವ ಹೆಸರುಗಳು ಮುಖ್ಯವಾಗಿ ಎರಡು. ಒಂದು, ಭಟ್ಕಳ ತಾಲ್ಲೂಕಿನ ಮುರುಡೇಶ್ವರದಿಂದ ದೋಣಿಯಲ್ಲಿ ತಲುಪುವ ನೇತ್ರಾಣಿ ದ್ವೀಪ. ಇನ್ನೊಂದು, 2018ರಲ್ಲಿ ಸ್ವರಾಜ್ ದ್ವೀಪವೆಂದು ಹೆಸರು ಬದಲಾದರೂ ಎಲ್ಲರೂ ಹಳೆಯ ಹೆಸರಿನಿಂದಲೇ ಕರೆಯುವ ಅಂಡಮಾನಿನ ಹ್ಯಾವ್‌ಲಾಕ್. ಎರಡೂ ಕಡೆ ನೀರಿಗಿಳಿದು ಬಂದ ಮೇಲೆ, ಮೀನು ಮತ್ತು ಹವಳಗಳ ಸೊಬಗಿಗಿಂತ ನೀರಿಗಿಳಿಯುವ ಬಗೆಯನ್ನೂ ಮನೆಗೆ ಮರಳುವ ದಾರಿಯನ್ನೂ ನೋಡಿ ಆಯ್ಕೆ ಮಾಡಬೇಕೆಂಬುದು ನನ್ನ ಅಭಿಪ್ರಾಯ.

ಹ್ಯಾವ್‌ಲಾಕಿನ ನೀಮೋ ರೀಫ್ ಎಂಬಲ್ಲಿ ಮರಳಿನ ದಂಡೆಯಿಂದ ನಡೆದುಕೊಂಡೇ ನೀರಿಗೆ ಹೋಗಬಹುದು. ಎದೆಮಟ್ಟದ ನೀರಿನಲ್ಲಿ ನಿಂತು ಬಾಯಿಯಿಂದ ಮಾತ್ರ ಉಸಿರಾಡುವುದು, ಮಾಸ್ಕಿನೊಳಗೆ ನುಗ್ಗಿದ ನೀರನ್ನು ಮೂಗಿನಿಂದ ಊದಿ ಹೊರಹಾಕುವುದು, ಸಿಲಿಂಡರಿನ ಗಾಳಿಯನ್ನು ಬಾಯಿಗೆ ಕೊಡುವ ರೆಗ್ಯುಲೇಟರ್ ಜಾರಿದರೆ ಅದನ್ನು ಮತ್ತೆ ಕಚ್ಚಿಕೊಳ್ಳುವುದು, ಇವನ್ನೆಲ್ಲ ಕಲಿಯುವಾಗ ಗಾಬರಿಯಾದರೆ ತಲೆಯೆತ್ತಿ ನಿಂತರೆ ಸಾಕು. ಜೊತೆಗೆ ಬಂದಿದ್ದ ಭಾವನವರಿಗೆ ಈಜು ಬಾರದು. ಆದರೂ ಇನ್‌ಸ್ಟ್ರಕ್ಟರ್ ಬೆನ್ನ ಹಿಂದಿನ ಸಿಲಿಂಡರನ್ನು ಹಿಡಿದೇ ಇದ್ದುದರಿಂದ ಅವರು ನಿರಾಯಾಸವಾಗಿ ಇಳಿದರು. ಕಿತ್ತಳೆ ಬಣ್ಣದ ಕ್ಲೌನ್ ಮೀನನ್ನು ಕಂಡ ಖುಷಿಯಲ್ಲಿ ಅವರು ಹೆಬ್ಬೆರಳೆತ್ತಿ ತೋರಿಸಿದ್ದೇ ತಡ, ಇನ್‌ಸ್ಟ್ರಕ್ಟರ್ ಅವರನ್ನು ನೇರವಾಗಿ ಮೇಲಕ್ಕೆ ಕರೆದುಕೊಂಡು ಹೋದರು. ನೀರೊಳಗೆ ಆ ಸನ್ನೆಗೆ ‘ಮೇಲಕ್ಕೆ ಹೋಗೋಣ’ ಎಂದೇ ಅರ್ಥ. ಎಲ್ಲ ಸರಿಯಿದೆ ಎನ್ನಲು ಹೆಬ್ಬೆರಳನ್ನೂ ತೋರುಬೆರಳನ್ನೂ ಉಂಗುರದಂತೆ ಸೇರಿಸಿ ತೋರಿಸಬೇಕು.

ನೇತ್ರಾಣಿಯಲ್ಲಿ ಈ ಸಾವಧಾನಕ್ಕೆ ಅವಕಾಶ ಕಡಿಮೆ. ದ್ವೀಪದ ಸುತ್ತ ಬಂಡೆಯೇ ಹೊರತು ಕಾಲೂರುವ ಮರಳಿಲ್ಲ. ಮುರುಡೇಶ್ವರದ ಬೃಹತ್ ಶಿವನ ವಿಗ್ರಹ ಹಿಂದೆ ಹಿಂದೆ ಸರಿಯುತ್ತ ಚಿಕ್ಕದಾಗುವವರೆಗೂ ಅಲೆಗಳ ಮೇಲೆ ದೋಣಿಯಲ್ಲಿ ಸಾಗಿ, ಲಂಗರು ಹಾಕಿದ ಮೇಲೆ ಆಳದ ನೀರಿಗೇ ಇಳಿಯಬೇಕು. ಹೊಟ್ಟೆ ತೊಳೆಸುವವರು ಡೈವಿಗಿಂತ ಮೊದಲೇ ಸುಸ್ತಾಗಿರುತ್ತಾರೆ. ಬೆಳಗ್ಗೆ ಎಣ್ಣೆ ತಿಂಡಿ ಬೇಡವೇ ಬೇಡ. ಹಿಂದಿನ ದಿನ ಈಜುಕೊಳದಲ್ಲಿ ಅಭ್ಯಾಸ ಮಾಡಿಸುವವರನ್ನು ಹುಡುಕಿಕೊಂಡು ಹೋಗುವುದು ಒಳ್ಳೆಯದು. ನಾವು ಹಗ್ಗ ಹಿಡಿದು ಇಳಿಯತೊಡಗಿದಾಗ ಮೊದಲ ಕೆಲವು ಮೀಟರುಗಳಲ್ಲೇ ಕಿವಿ ಹಿಂಡಿದಂತಾಯಿತು. ಹತ್ತು ಮೀಟರ್ ಆಳಕ್ಕೆ ಹೋಗುವಷ್ಟರಲ್ಲಿ ದೇಹದ ಮೇಲಿನ ಒತ್ತಡ ದಡದಲ್ಲಿದ್ದುದರ ಎರಡರಷ್ಟಾಗುತ್ತದೆ; ಆದ್ದರಿಂದ ನೋವು ಶುರುವಾಗುವ ಮೊದಲೇ ಮೂಗು ಹಿಡಿದು ಮೆಲ್ಲನೆ ಊದುತ್ತ, ಕಿವಿ ಬಿಡದಿದ್ದರೆ ತುಸು ಮೇಲೇರಿ, ಮತ್ತೆ ಇಳಿಯಬೇಕು. ನೆಗಡಿಯಿದ್ದವರು ಎರಡೂ ಕಡೆ ಇಳಿಯಬಾರದು. ಉಸಿರನ್ನಂತೂ ಎಂದೂ ಬಿಗಿಹಿಡಿಯಬಾರದು. ಮೇಲೇರುವಾಗ ಗಾಳಿ ಹಿಗ್ಗಿ ಶ್ವಾಸಕೋಶಕ್ಕೆ ಪೆಟ್ಟಾಗುತ್ತದೆ.

ಆರಂಭಿಕರ ಪರಿಚಯ ಡೈವಿಗೆ ಸಾಮಾನ್ಯವಾಗಿ 12 ಮೀಟರಿನ ಮಿತಿ ಇರುವುದರಿಂದ ಆಳದಲ್ಲಿ ಹೆಚ್ಚು ಕಡಿಮೆಯೇನಿಲ್ಲ. ನೀರಿನ ತಿಳಿಯಲ್ಲಿ ಹ್ಯಾವ್‌ಲಾಕ್ ಮೇಲು. ಬಂಡೆಯ ಸಂದುಗಳಲ್ಲಿ ಗುಂಪುಗುಂಪಾಗಿ ತಿರುಗುವ ಮೀನುಗಳ ವಿಷಯದಲ್ಲಿ ನೇತ್ರಾಣಿ ನನಗೆ ಹೆಚ್ಚು ಹಿಡಿಸಿತು. ಡೈವಿನ ದರದಲ್ಲಿ ದೊಡ್ಡ ಅಂತರ ಕಾಣಲಿಲ್ಲ, ಆದರೆ ವಿಮಾನ ಮತ್ತು ಫೆರಿ ಸೇರಿದಾಗ ಅಂಡಮಾನಿನ ಲೆಕ್ಕವೇ ಬೇರೆಯಾಗುತ್ತದೆ. ಮಳೆಗಾಲದಲ್ಲಿ ನೇತ್ರಾಣಿಯ ದೋಣಿಗಳು ನಿಂತಿರುತ್ತವೆ. ಸಮುದ್ರ ಶಾಂತವಾಗಿರುವ ಡಿಸೆಂಬರ್ ಮತ್ತು ಜನವರಿಯಲ್ಲಿ ನಮ್ಮಲ್ಲಿ ಕಾಫಿ ಕೊಯ್ಲು. ತೋಟದವರಿಗೆ ಕೊಯ್ಲು ಮುಗಿದ ಮೇಲಷ್ಟೇ ಬಿಡುವು.

ಘಟ್ಟದ ಮೇಲಿನವರು ಹೆಚ್ಚಾಗಿ ಯೋಚಿಸದ ಸಂಗತಿಯೊಂದಿದೆ. ಒತ್ತಡದಲ್ಲಿ ದೇಹದಲ್ಲಿ ಕರಗಿದ ನೈಟ್ರೋಜನ್, ಬೇಗನೆ ಎತ್ತರಕ್ಕೆ ಹೋದರೆ ಮುಚ್ಚಳ ತೆಗೆದ ಸೋಡಾದಂತೆ ಗುಳ್ಳೆಯೇಳಬಹುದು. ಹಾಗಾಗಿ ಒಂದೇ ಡೈವ್ ಮಾಡಿದವರು ಕನಿಷ್ಠ 12 ಗಂಟೆ, ಹಲವು ಡೈವ್ ಮಾಡಿದವರು 18 ಗಂಟೆ ವಿಮಾನ ಹತ್ತಬಾರದೆಂಬ ಸಲಹೆಯಿದೆ. ಇದು ವಿಮಾನಕ್ಕೆ ಮಾತ್ರ ಅನ್ವಯಿಸುವ ಮಾತಲ್ಲ. ಚಿಕ್ಕಮಗಳೂರು ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಎತ್ತರದಲ್ಲಿದೆ, ಹಾಸನವೂ ಹೆಚ್ಚು ತಗ್ಗಿನಲ್ಲಿಲ್ಲ. ಮಧ್ಯಾಹ್ನ ನೀರಿನಿಂದೆದ್ದು ಸಂಜೆಯೇ ಆಗುಂಬೆ ಅಥವಾ ಚಾರ್ಮಾಡಿ ಹತ್ತಿದರೆ ಅದೇ ಅಪಾಯ. ಹ್ಯಾವ್‌ಲಾಕಿನಿಂದ ಫೆರಿಯಲ್ಲಿ ಮರಳಿ ಒಂದು ರಾತ್ರಿ ಪೋರ್ಟ್ ಬ್ಲೇರಿನಲ್ಲಿ (ಈಗಿನ ಶ್ರೀ ವಿಜಯಪುರಂ) ಉಳಿಯುವವರಿಗೆ ಈ ಬಿಡುವು ತಾನಾಗಿಯೇ ಸಿಗುತ್ತದೆ. ನೇತ್ರಾಣಿಯದು ಒಂದು ದಿನದ ಪ್ರವಾಸವೆಂದು ಕಾರು ಹತ್ತುವ ಹಾಸನ, ಚಿಕ್ಕಮಗಳೂರಿನವರು ಡೈವಿನ ಹಣದ ಜೊತೆಗೆ ಮುರುಡೇಶ್ವರದಲ್ಲಿ ಆ ರಾತ್ರಿಯ ರೂಮಿನ ಬಾಡಿಗೆಯನ್ನೂ ಸೇರಿಸಿಯೇ ಖರ್ಚಿನ ಅಂದಾಜು ಮಾಡಬೇಕು.